ಇವಳನ್ನು ಬೈಯುವವರು ಯಾರು?

ನಾನು ಬೆಳೆದ ಬೀದಿಯಷ್ಟು ಇಕ್ಕಟ್ಟಾದ ಬೀದಿ ಈ ಭೂಮಂಡಲದಲ್ಲಿ ಇನ್ನೊಂದಿರಲಿಲ್ಲ. ಒಂದು ಮನೆಯಲ್ಲಿ ಸೀನಿದರೆ ಎದುರು ಮನೆಯವರು ಮೂಗು ಒರೆಸಿಕೊಳ್ಳುತ್ತಿದ್ದರು. ಎರಡು ಸೈಕಲ್ಲು ಎದುರುಬದುರಾದರೆ ಒಂದನ್ನು ಹೆಗಲ ಮೇಲೆ ಹೊತ್ತುಕೊಳ್ಳಬೇಕಾಗುತ್ತಿತ್ತು. ದಪ್ಪನೆಯ ಬೆಕ್ಕೊಂದು ನಡುಬೀದಿಯಲ್ಲಿ ಮೈಚೆಲ್ಲಿದರೆ ಅವತ್ತಿನ ವ್ಯಾಪಾರ ಬಂದ್. ಅನುಮಾನವಿದ್ದವರು ಹೋಗಿ ಅಳೆದು ನೋಡಿ ಎನ್ನುತ್ತಿದ್ದೆ, ಆದರೆ ಆ ಬೀದಿಯೇ ಈಗಿಲ್ಲ. ರಸ್ತೆ ಅಗಲ ಮಾಡುವವರು ಬಂದು ಎರಡೂ ಬದಿಯ ಅಂಗಡಿಗಳನ್ನು ಬಿಸ್ಕತ್ತು ಮುರಿದ ಹಾಗೆ ಮುರಿದುಹಾಕಿದರು. ಈಗ ಅಲ್ಲಿ ಬಸ್ಸುಗಳು ಸಾಲುಗಟ್ಟಿ ಓಡುತ್ತವೆ. ಆದ್ದರಿಂದ ನನ್ನ ಮಾತನ್ನು ನಂಬದೆ ನಿಮಗೆ ಗತಿಯಿಲ್ಲ.

ಆ ಬೀದಿಯಲ್ಲಿ ನನ್ನನ್ನು ಡಂಗುರ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಶಾಲೆಯ ಹಾಜರಿ ಕೂಗುವಾಗ ಮಾತ್ರ ಉಸಿರಾಡುತ್ತಿತ್ತು. ನಾನು ಬೀದಿಯ ಈ ತುದಿಯಲ್ಲಿ ಯಾರ ಕಿವಿಯಲ್ಲಾದರೂ ಗುಟ್ಟು ಹೇಳಿದರೆ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು.

ನನ್ನ ಅಪ್ಪ ಲಾರಿ ಓಡಿಸುತ್ತಿದ್ದ. ಅಂಥ ಲಾರಿಯನ್ನು ಯಾರೂ ಓಡಿಸಿಲ್ಲ, ಅಷ್ಟು ದೂರ ಯಾರೂ ಹೋಗಿಲ್ಲ. ಮನೆಗೆ ಬಂದಾಗ ಗಡ್ಡದ ಉದ್ದ ನೋಡಿ ಎಷ್ಟು ದೂರ ಹೋಗಿದ್ದ ಎಂದು ಹೇಳಬಹುದಿತ್ತು. ಅಮ್ಮ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಹಗಲು ಪಾಳಿ, ಸಂಜೆ ಪಾಳಿ, ರಾತ್ರಿ ಪಾಳಿ ಎಂದು ಅವಳ ದಿನಗಳು ಇಸ್ಪೀಟಿನ ಎಲೆಗಳಂತೆ ಕಲೆಸಿಹೋಗಿದ್ದವು. ನನ್ನನ್ನು ಬೈಯಬೇಕೆಂದು ಬಾಯಿ ತೆರೆದರೆ ಪಾಪ, ಆಕಳಿಕೆ ಬರುತ್ತಿತ್ತು.

ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಬೀದಿಯ ಪಾಲು. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಚೀಲ ಹಿಡಿದು ನಿಂತ ಮಗುವನ್ನು ಮೊದಲು ಕಂಡವರು "ಬಾ ಒಳಗೆ" ಎಂದಿದ್ದರು, ಅಷ್ಟೆ. ಅದೇ ರೂಢಿಯಾಯಿತು.

ಕಟಿಂಗ್ ಶಾಪಿನ ಮಾಮ ನನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಗಿರಾಕಿಗಳಿಗೆ ಪೇಪರ್ ಓದಿಸುತ್ತಿದ್ದ. ಕತ್ತಿ ಕುತ್ತಿಗೆಯ ಮೇಲಿರುವಾಗ ನಗು ಬರುವ ಸುದ್ದಿ ಓದಬಾರದು, ಅದೊಂದೇ ಅವನ ಕಾನೂನು. ಸುದ್ದಿ ಸಪ್ಪೆಯಾಗಿದ್ದರೆ ನಾನು ಒಗ್ಗರಣೆ ಹಾಕುತ್ತಿದ್ದೆ. ಸೇತುವೆಯ ಉದ್ಘಾಟನೆಯಾಯಿತು ಎಂದಿದ್ದರೆ, ಆಯಿತು, ಆಮೇಲೆ ಮಂತ್ರಿಗಳು ನೀರಿಗೆ ಬಿದ್ದರು ಎಂದು ಓದುತ್ತಿದ್ದೆ. ಮುಖದ ತುಂಬ ನೊರೆ ಹಚ್ಚಿಸಿಕೊಂಡವರು ಅಡ್ಡ ಪ್ರಶ್ನೆ ಕೇಳುವುದಾದರೂ ಹೇಗೆ? ನಮ್ಮ ಊರಿನ ಅರ್ಧ ಗಂಡಸರು ಪ್ರಪಂಚವನ್ನು ನನ್ನ ಬಾಯಿಂದಲೇ ತಿಳಿದರು, ತಪ್ಪಾಗಿ.

ಟೈಲರ್ ಅತ್ತೆ ತಪ್ಪಿದ ಹೊಲಿಗೆಗಳನ್ನು ಬಿಚ್ಚಲು ಕೊಡುತ್ತಿದ್ದರು. "ಬಟ್ಟೆಗೆ ನೋವಾಗಬಾರದು, ಹಾಗೆ ಬಿಚ್ಚು" ಎನ್ನುತ್ತಿದ್ದರು. ನಾನು ಬಿಚ್ಚಿದೆನೆಂದರೆ ತಾನು ಹಿಂದೊಮ್ಮೆ ಹೊಲಿಸಿಕೊಂಡಿದ್ದೆ ಎಂಬುದು ಬಟ್ಟೆಗೇ ಮರೆತುಹೋಗುತ್ತಿತ್ತು. ಪಂಕ್ಚರ್ ಅಣ್ಣ ಸೈಕಲ್ ಟ್ಯೂಬನ್ನು ನೀರಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಲು ನನ್ನನ್ನೇ ಕರೆಯುತ್ತಿದ್ದ. ನನ್ನ ಕಣ್ಣಿಗೆ ಹೆದರಿ ತೂತುಗಳು ತಾವಾಗಿಯೇ ಕೈಯೆತ್ತುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಬೇಕರಿ ಅಜ್ಜನ ಹತ್ತಿರ ಬ್ರೆಡ್ಡಿನ ಡಬ್ಬಗಳಿಗೆ ಎಣ್ಣೆ ಸವರುವ ಕೆಲಸ. ಒಲೆಯ ಹಿಂದಿನ ಗೋಡೆ ಬೆಚ್ಚಗಿರುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು ಕೂತರೆ ಮೈಯೆಲ್ಲ ಬನ್ನಿನ ವಾಸನೆ. ಇಷ್ಟು ವರ್ಷ ಕಳೆದ ಮೇಲೂ ಯಾವುದಾದರೂ ಬೇಕರಿಯ ಮುಂದೆ ಹಾದುಹೋದರೆ ನನ್ನ ಬೆನ್ನು ತಾನಾಗಿ ಗೋಡೆ ಹುಡುಕುತ್ತದೆ.

ಇಂಥ ವೈಭೋಗದಲ್ಲಿ ನಾನು ರಾಜ್ಯವಾಳುತ್ತಿದ್ದಾಗ, ನನಗೆ ಹನ್ನೆರಡು ತುಂಬಿದ ವರ್ಷ, ದೊಡ್ಡಪ್ಪನ ಫೋನು ಬಂತು.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ದೂರದ ಊರಿನ ಬಸ್ ಡಿಪೋದಲ್ಲಿ, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಬಿಡಬೇಕು ಎಂದು ಗೊತ್ತುಮಾಡುವ ಕೆಲಸ. ಅವರ ಹಸಿವು ಕೂಡ ಗಡಿಯಾರ ನೋಡಿಕೊಂಡು ಬರುತ್ತಿತ್ತು. ಬೀದಿಗೆಲ್ಲ ಫೋನಿದ್ದದ್ದು ಬೇಕರಿಯಲ್ಲಿ ಮಾತ್ರ. ಹೀಗಾಗಿ ನಮ್ಮ ಮನೆಯ ವಿಷಯ ನಮ್ಮ ಮನೆಗಿಂತ ಮೊದಲು ಬೀದಿಗೆ ಗೊತ್ತಾಯಿತು. ಭಾನುವಾರ ಬರುತ್ತೇನೆ, ಹುಡುಗಿಯ ಸ್ಥಿತಿಗತಿ ನೋಡುತ್ತೇನೆ, ನೋಡಿಕೊಳ್ಳುವವರಿಲ್ಲ ಎಂದಾದರೆ ಅಂದೇ ಕರೆದುಕೊಂಡು ಹೋಗುತ್ತೇನೆ, ಎಂದಿದ್ದರಂತೆ ದೊಡ್ಡಪ್ಪ.

ಅಮ್ಮ ತನ್ನ ಬಿಳಿ ಸಮವಸ್ತ್ರ ಮಡಿಸುತ್ತಾ ನನಗೆ ಹೇಳಿದಳು.

"ಅಲ್ಲಿ ಮನೆ ಎದುರಿಗೇ ಶಾಲೆ ಪುಟ್ಟಿ. ನಿನಗೇ ಅಂತ ಒಂದು ರೂಮು. ದೊಡ್ಡಮ್ಮ ದಿನವಿಡೀ ಮನೇಲಿರ್ತಾರೆ."

"ನನಗೆ ದಿನವಿಡೀ ಮನೇಲಿರೋರು ಬೇಡ."

"ನಿನಗೆ ಬೇಡ ಅಂತ ನನಗೂ ಗೊತ್ತು. ಬೇಕು ಅನ್ನಿಸೋದು ಬೇರೆ, ಬೇಕಾಗಿರೋದು ಬೇರೆ."

"ನೀನು ಬೇಡ ಅನ್ನಮ್ಮ. ನೀನಂದ್ರೆ ಮುಗೀತು."

ಅಮ್ಮ ಬೇಡ ಎನ್ನಲಿಲ್ಲ. ಮಡಿಸಿದ ತೋಳನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಅಮ್ಮನಿಗೇ ಅನುಮಾನವಿತ್ತು. ತಾನು ಮಗಳನ್ನು ಬೀದಿಗೆ ಬಿಟ್ಟಿದ್ದೇನೆ ಎಂದು ಅವಳು ಆಸ್ಪತ್ರೆಯ ಆ ಉದ್ದನೆಯ ವಾರ್ಡುಗಳಲ್ಲಿ ಓಡಾಡುತ್ತಾ ದಿನಾ ಅಂದುಕೊಳ್ಳುತ್ತಿದ್ದಳು ಎಂಬುದು ಅವತ್ತು ನನಗೆ ಹೊಳೆಯಿತು.

ಶನಿವಾರ ಬೇಕರಿಯಲ್ಲಿ ಸಭೆ ಸೇರಿತು. ಇಡೀ ಊರು ಸೇರಿತ್ತು ಎಂದರೂ ತಪ್ಪಿಲ್ಲ. ಲೆಕ್ಕ ಹಿಡಿದರೆ ನಾಲ್ಕು ಜನ. ನಾನು ಹಿಟ್ಟಿನ ಮೂಟೆಯ ಮೇಲೆ ಕೂತಿದ್ದೆ.

"ಇವಳು ನಮ್ಮ ಹುಡುಗಿ. ಹೋಗಬಾರದು ಅಂದ್ರೆ ಹೋಗಬಾರದು" ಎಂದರು ಟೈಲರ್ ಅತ್ತೆ.

"ಹೋಗ್ಬಾರ್ದು ಅಂತ ನಾವಂದ್ರೆ ಅವರು ಕೇಳ್ತಾರಾ?" ಎಂದ ಪಂಕ್ಚರ್ ಅಣ್ಣ. "ನಾವೇನು ಸಂಬಂಧಾನಾ, ಬಳಗಾನಾ?"

"ಅದಕ್ಕೇ ಬುದ್ಧಿ ಉಪಯೋಗಿಸ್ಬೇಕು" ಎಂದ ಕಟಿಂಗ್ ಮಾಮ, ಇಲ್ಲದ ಗಡ್ಡ ನೀವಿಕೊಂಡು. "ಬರೀ ಒಳ್ಳೇದನ್ನೇ ಹೇಳೋಣ. ಚಿನ್ನದಂಥ ಹುಡುಗಿ, ಮುತ್ತಿನಂಥ ಮಾತು. ಅವರು ಮುಖ್ಯವಾಗಿ ಓದಿನ ಬಗ್ಗೆ ಕೇಳ್ತಾರೆ. ಸಾಯಂಕಾಲ ಐದರಿಂದ ಏಳು ಗಂಟೆವರೆಗೆ ಕೂತು ಓದ್ತಾಳೆ ಅಂದ್ಬಿಟ್ರೆ ಆಯ್ತು."

"ಆ ಹಳೇ ವಿಷಯಗಳು?" ಎಂದು ಅತ್ತೆ ನನ್ನತ್ತ ಕಣ್ಣು ಹೊರಳಿಸಿದರು.

ಬೇಕರಿ ಅಜ್ಜ ಬ್ರೆಡ್ಡು ಕುಯ್ಯುವ ಚಾಕು ಎತ್ತಿ ಹಿಡಿದರು. "ಒಬ್ಬರು ಒಂದಕ್ಷರ ಎತ್ತಿದ್ರೂ ಜನ್ಮದಲ್ಲಿ ನನ್ನ ಅಂಗಡಿ ಬ್ರೆಡ್ ಇಲ್ಲ. ಗೊತ್ತಾಯ್ತಾ?"

ಎಲ್ಲರಿಗೂ ಗೊತ್ತಾಯಿತು. ಒಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ: ಆ ಐದರಿಂದ ಏಳರ ಓದು ಯಾರ ಅಂಗಡಿಯಲ್ಲಿ ನಡೆಯುತ್ತದೆ ಎಂದು. ಬೇರೆ ಬೀದಿಯವರಾಗಿದ್ದರೆ ಕೇಳಿಕೊಳ್ಳುತ್ತಿದ್ದರು. ನಮ್ಮ ಬೀದಿಯಲ್ಲಿ ಕಥೆಯ ಒಳ್ಳೆಯ ಭಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಇತಿಹಾಸವೇ ಇಲ್ಲ. ಒಬ್ಬರು ಇಲಿ ಹೋಯಿತು ಎಂದರೆ ಇನ್ನೊಬ್ಬರು ಹುಲಿ ಹೋಯಿತು ಎನ್ನುತ್ತಿದ್ದರು. ಮೂರನೆಯವರು ಆ ಹುಲಿಯ ಜತೆ ತಾವು ಮಾತಾಡಿದ್ದನ್ನು ನೆನಪಿಸಿಕೊಳ್ಳುತ್ತಿದ್ದರು. ನಾನು ಆಕಾಶದಿಂದ ಉದುರಿದವಳಲ್ಲ ಸ್ವಾಮಿ, ನನಗೂ ಗುರುಪರಂಪರೆಯಿದೆ.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಅಪ್ಪ ಲಾರಿಯಲ್ಲಿ ಎಲ್ಲೋ ದೂರ ಹೋಗಿದ್ದ, ಅಮ್ಮ ರಜೆ ಹಾಕಿದ್ದಳು. ಚಹಾ ಕುಡಿದು ಲೋಟ ಕೆಳಗಿಟ್ಟು ದೊಡ್ಡಪ್ಪ ನನಗೆ, "ನಡಿಯಮ್ಮ, ನೀನು ದಿನಾ ಎಲ್ಲೆಲ್ಲಿರ್ತೀಯೋ ತೋರ್ಸು" ಎಂದರು.

ಕಟಿಂಗ್ ಶಾಪಿನ ಮುಂದೆ ಕಾಲಿಟ್ಟದ್ದೇ ತಡ, ಮಾಮ ಅವರನ್ನು ಹೆಚ್ಚುಕಡಿಮೆ ಎತ್ತಿ ಕುರ್ಚಿಯಲ್ಲಿ ಕೂರಿಸಿದ. "ಶೇವ್ ಮಾಡ್ಕೊಂಡೇ ಬಂದಿದೀನಪ್ಪ" ಎಂದು ದೊಡ್ಡಪ್ಪ ಹೇಳುತ್ತಿದ್ದಂತೆ ಬಾಯಿಯೊಳಗೂ ಸ್ವಲ್ಪ ನೊರೆ ಹೋಯಿತು.

"ಮಾತಾಡ್ಬೇಡಿ ಸಾರ್, ಕತ್ತಿ ಹರಿತ ಇದೆ. ನಾನು ಮಾತಾಡ್ತೀನಿ, ನೀವು ಕೇಳಿ. ಈ ಹುಡುಗಿ ಇದಾಳಲ್ಲ, ಚಿನ್ನ. ಬಾಯಿ ತೆಗೆದ್ರೆ ಮುತ್ತು. ದಿನಾ ಸಾಯಂಕಾಲ ಐದರಿಂದ ಏಳು ಈ ಸ್ಟೂಲ್ ಮೇಲೆ ಕೂತು ಇತಿಹಾಸ ಓದ್ತಾಳೆ. ಗಿರಾಕಿಗಳು ನೋಡಿ ಕಣ್ಣೀರು ಹಾಕ್ತಾರೆ."

"ಹೂಂ" ಎಂದರು ದೊಡ್ಡಪ್ಪ, ನೊರೆಯೊಳಗಿಂದ.

ಅತ್ತೆಯ ಅಂಗಡಿಯಲ್ಲಿ ಅವರ ಎದೆಯ ಮೇಲೆ ಸಡಿಲವಾದ ಗುಂಡಿಯೊಂದು ಪತ್ತೆಯಾಯಿತು. ಸಡಿಲವಾಗಿರಲಿಲ್ಲ, ಅತ್ತೆ ಹಿಡಿದೆಳೆದ ಮೇಲೆ ಆಯಿತು. ತೊಟ್ಟ ಅಂಗಿಯ ಮೇಲೆಯೇ ಸೂಜಿ ಹಿಡಿದು ನಿಂತರು. "ಅಲ್ಲಾಡ್ಬೇಡಿ ಅಣ್ಣಾವ್ರೇ, ಚುಚ್ಚಿಬಿಡುತ್ತೆ. ನಿಮ್ಮ ಹುಡುಗಿಯಂಥ ಹುಡುಗಿ ಹತ್ತು ಊರು ಹುಡುಕಿದ್ರೂ ಸಿಗಲ್ಲ. ದಿನಾ ಐದರಿಂದ ಏಳು ನನ್ನ ಮೆಷಿನ್ ಪಕ್ಕ ಪ್ರಬಂಧ ಬರೀತಾಳೆ. ನಾನು ಪೆಡಲ್ ತುಳಿಯೋದನ್ನೇ ನಿಲ್ಲಿಸ್ಬಿಡ್ತೀನಿ, ಸದ್ದಾಗಬಾರ್ದು ಅಂತ."

ನಾನು ದೊಡ್ಡಪ್ಪನ ಬೆನ್ನ ಹಿಂದೆ ನಿಂತು ಎರಡೂ ಕೈ ಬೀಸಿದೆ. ನಾನು ನೊಣ ಓಡಿಸುತ್ತಿದ್ದೇನೆ ಎಂದು ಅತ್ತೆ ಅಂದುಕೊಂಡರು.

ಪಂಕ್ಚರ್ ಅಣ್ಣ ದೊಡ್ಡಪ್ಪನ ಎರಡೂ ಕೈಗೆ ಟ್ಯೂಬು ಕೊಟ್ಟು ನೀರಲ್ಲಿ ಒತ್ತಿ ಹಿಡಿಯಲು ಹೇಳಿದ. "ಬಿಟ್ರೆ ತೂತು ತಪ್ಪಿಹೋಗುತ್ತೆ ಸಾರ್, ಹಾಗೇ ಹಿಡ್ಕೊಂಡಿರಿ. ನಾನು ಇವಳಿಗೆ ಲೆಕ್ಕ ಹೇಳ್ಕೊಡ್ತೀನಿ. ಐದರಿಂದ ಏಳು." ಈ ಅಣ್ಣನಿಗೆ ಎರಡು ಪಂಕ್ಚರಿನ ಲೆಕ್ಕ ಕೂಡಿಸಲು ನಾನೇ ಬೇಕಾಗಿತ್ತು.

ಬೇಕರಿ ಅಜ್ಜ ಯಾವ ಮುನ್ಸೂಚನೆಯನ್ನೂ ಕೊಡದೆ ಬಿಸಿ ಬನ್ನೊಂದನ್ನು ದೊಡ್ಡಪ್ಪನ ಬಾಯಿಗೆ ತುರುಕಿ, ಅವರು ಉಸಿರಿಗೆ ಒದ್ದಾಡುತ್ತಿರುವಾಗ ಐದರಿಂದ ಏಳರವರೆಗಿನ ನನ್ನ ವಿಜ್ಞಾನದ ಅಧ್ಯಯನವನ್ನು ವಿವರಿಸಿದರು. ಒಲೆಯ ಶಾಖವೇ ನನ್ನ ಪ್ರಯೋಗಾಲಯವಂತೆ.

"ಹೂಂ" ಎಂದರು ದೊಡ್ಡಪ್ಪ, ಬನ್ನಿನ ಹಿಂದಿನಿಂದ.

ಮನೆ ಮುಟ್ಟಿದಾಗ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಗಡಿಯಾರವನ್ನು ಅಷ್ಟು ಮರುಕದಿಂದ ನೋಡಿದವರನ್ನು ನಾನು ಕಂಡಿಲ್ಲ.

ಇಳಿಹೊತ್ತಿಗೆ ನಾಲ್ವರೂ ನಮ್ಮ ಮನೆಗೆ ಬಂದರು, ಒಬ್ಬೊಬ್ಬರಾಗಿ, ಅಕಸ್ಮಾತ್ತಾಗಿ ಬಂದವರಂತೆ. ಮಾಮ ಬಾಚಣಿಗೆ ಮರೆತೆನೇನೋ ಎಂದು ನೋಡಲು. ಅತ್ತೆ ಗುಂಡಿ ಗಟ್ಟಿಯಾಗಿದೆಯೋ ಎಂದು ವಿಚಾರಿಸಲು. ಅಜ್ಜ ಬ್ರೆಡ್ಡು ಕೊಡಲು. ಪಂಕ್ಚರ್ ಅಣ್ಣ, "ಗಾಳಿ ಕಮ್ಮಿ ಆಗಿದ್ಯಾ ನೋಡೋಣ ಅಂತ ಬಂದೆ" ಎಂದ. ನಮ್ಮ ಮನೆಯಲ್ಲಿ ಸೈಕಲ್ಲೇ ಇರಲಿಲ್ಲ.

ದೊಡ್ಡಪ್ಪ ಎಲ್ಲರನ್ನೂ ಕೂರಿಸಿದರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ನೋಡಿ, ನಾನು ಬಸ್ಸಿನ ಮನುಷ್ಯ" ಎಂದರು ದೊಡ್ಡಪ್ಪ. "ನಾಲ್ಕು ಬಸ್ಸನ್ನ ಒಂದೇ ಹೊತ್ತಿಗೆ ಒಂದೇ ನಿಲ್ದಾಣದಿಂದ ಬಿಡಬಹುದು. ಹೊಗೆ ಜಾಸ್ತಿ ಆಗುತ್ತೆ, ಅಷ್ಟೆ. ಆದ್ರೆ ಒಂದೇ ಬಸ್ಸು ನಾಲ್ಕು ನಿಲ್ದಾಣದಿಂದ ಒಂದೇ ಹೊತ್ತಿಗೆ ಹೊರಡೋದನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಈ ಹುಡುಗಿ ಐದರಿಂದ ಏಳು ಎಲ್ಲಿರ್ತಾಳೆ?"

ಕುಂಬಳಕಾಯಿ ಕಳ್ಳ ಅಂದರೆ ನಾಲ್ವರೂ ಹೆಗಲು ಮುಟ್ಟಿ ನೋಡಿಕೊಂಡರು.

"ಲೆಕ್ಕ ಹೇಳ್ಕೊಟ್ಟೆ ಅಂದ್ಯಾ? ನೀನು?" ಎಂದು ಮಾಮ ಪಂಕ್ಚರ್ ಅಣ್ಣನ ಕಿವಿಯ ಹತ್ತಿರ ಹಲ್ಲು ಕಡಿದ.

"ನೀನು ಇತಿಹಾಸ ಓದಿಸಬಹುದು, ನಾನು ಲೆಕ್ಕ ಹೇಳ್ಕೊಡಬಾರದಾ?"

"ಇರ್ಲಿ ಬಿಡಿ" ಎಂದರು ದೊಡ್ಡಪ್ಪ. ಸಿಟ್ಟಾಗಿದ್ದರೆ ವಾಸಿಯಿತ್ತು, ಅವರ ದನಿ ಮೆತ್ತಗಿತ್ತು. "ಪ್ರೀತಿಗೆ ಅಂತ ನಾಲ್ಕು ಸುಳ್ಳು ಹೇಳಿದ್ರಿ, ನನಗೆ ಬೇಜಾರಿಲ್ಲ. ಆದ್ರೆ ಬೆಳಿಗ್ಗೆಯಿಂದ ಕೇಳ್ತಿದೀನಿ, ಚಿನ್ನ ಅಂತೆ, ಮುತ್ತು ಅಂತೆ. ಅಂಗಡಿಗೆ ಬಂದ ಗಿರಾಕಿಗೂ ನೀವು ಹಾಗೇ ಅಂತೀರಿ. ಹೊಗಳೋರು ಯಾವೂರಲ್ಲಾದ್ರೂ ಸಿಗ್ತಾರೆ. ನನಗೆ ಒಂದೇ ಒಂದು ಹೇಳಿ. ಇವಳು ತಪ್ಪು ಮಾಡಿದಾಗ ಇವಳನ್ನ ಬೈಯೋರು ಯಾರು?"

ಅತ್ತೆ ಮಾಮನನ್ನು ನೋಡಿದರು, ಮಾಮ ಅಣ್ಣನನ್ನು ನೋಡಿದ, ಅಣ್ಣ ಅಜ್ಜನನ್ನು ನೋಡಿದ, ಅಜ್ಜ ತಾವೇ ತಂದ ಬ್ರೆಡ್ಡನ್ನು ನೋಡಿದರು. ಒಂದಕ್ಷರ ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದರಲ್ಲ. ಪ್ರಪಂಚ ಹುಟ್ಟಿದಾಗಿನಿಂದ ನಮ್ಮ ಬೀದಿಯವರು ಉಳಿಸಿಕೊಂಡ ಮಾತು ಅದೊಂದೇ, ಅದೂ ಆ ಗಳಿಗೆಯಲ್ಲೇ ಉಳಿಸಿಕೊಳ್ಳಬೇಕಿತ್ತೇ!

ಆ ಮೌನವನ್ನು ಅಮ್ಮ ತನ್ನದೇ ರೀತಿಯಲ್ಲಿ ಕೇಳಿಸಿಕೊಂಡಳು.

"ಬೈಯೋಕೆ ನಾನು ಮನೇಲಿರ್ಬೇಕಲ್ಲ ಭಾವ" ಎಂದಳು. "ನಾನೇ ಇರಲ್ಲ. ಬೇರೆಯವರ ಮಕ್ಕಳನ್ನ ಯಾರು ಬೈತಾರೆ? ನೀವು ಹೇಳೋದು ಸರಿ."

ಒಳಗೆ ಹೋದಳು. ಮಂಚದ ಕೆಳಗಿಂದ ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಸದ್ದು ಬಂತು. ನಾನು ಈ ಜೀವನದಲ್ಲಿ ಗುಡುಗು ಕೇಳಿದ್ದೇನೆ, ಬಂಡೆ ಒಡೆಯುವುದನ್ನು ಕೇಳಿದ್ದೇನೆ, ಅಪ್ಪನ ಲಾರಿಯ ಹಾರ್ನು ಕೇಳಿದ್ದೇನೆ. ಅದರಷ್ಟು ದೊಡ್ಡ ಸದ್ದನ್ನು ಕೇಳಿಲ್ಲ. ಇದರಲ್ಲಿ ಒಂದು ಗುಲಗಂಜಿಯಷ್ಟೂ ಉತ್ಪ್ರೇಕ್ಷೆಯಿಲ್ಲ.

ಆ ಸದ್ದಿಗೆ ಅತ್ತೆ ಎದ್ದು ನಿಂತರು.

"ಬೈಯೋರು ಯಾರು ಅಂದ್ರೆ ಏನರ್ಥ ಅಣ್ಣಾವ್ರೇ? ನಾನೇನು ಸತ್ತು ಹೋಗಿದೀನಾ?"

"ಅಕ್ಕಾ, ಬ್ರೆಡ್ಡು..." ಎಂದು ಪಂಕ್ಚರ್ ಅಣ್ಣ ಅತ್ತೆಯ ಸೆರಗು ಜಗ್ಗಿದ.

"ಬ್ರೆಡ್ಡಿಗೆ ಬೆಂಕಿ ಬೀಳ್ಲಿ! ಗಿರಾಕಿಯ ಕೋಟಿನ ಲೈನಿಂಗು, ರೇಷ್ಮೆಯಂಥದ್ದು, ಅದನ್ನ ಕತ್ತರಿಸಿ ಗಾಳಿಪಟಕ್ಕೆ ಬಾಲ ಕಟ್ಟಿದ್ಲು ಈ ಮಹಾತಾಯಿ. ಆ ಕೋಟಿಗೆ ಹೊಸ ಲೈನಿಂಗು ಇವಳ ಕೈಯಲ್ಲೇ ಹೊಲಿಸಿದೆ. ಸೊಟ್ಟ ಆಯ್ತು, ಬಿಚ್ಚಿಸಿದೆ. ಮತ್ತೆ ಸೊಟ್ಟ, ಮತ್ತೆ ಬಿಚ್ಚಿಸಿದೆ. ಅತ್ಲು. ಅಳ್ತಾ ಹೊಲಿ ಅಂದೆ. ಅಷ್ಟು ಬೈದಿದೀನಿ, ಈಗ್ಲೂ ಆ ಕೋಟು ನನ್ನ ಕಂಡ್ರೆ ನಡುಗುತ್ತೆ."

"ಅದು ಯಾವಾಗ?" ಎಂದ ಮಾಮ.

"ಹೋದ ಮಳೆಗಾಲ."

"ಹಾಗಾದ್ರೆ ಮೊದಲು ಬೈದವನು ನಾನು!" ಎಂದು ಮಾಮ ಎದೆ ತಟ್ಟಿಕೊಂಡ. "ಅದಕ್ಕೂ ಹಿಂದಿನ ಬೇಸಿಗೇಲಿ, ಸಾರ್, ನಾನು ಚಹಾಕ್ಕೆ ಹೋಗಿದ್ದೆ. ಅಂಚೆಯವರು ಕುರ್ಚೀಲಿ ನಿದ್ದೆ ಹೋಗಿದ್ರು. ವಾಪಸ್ ಬಂದು ನೋಡ್ತೀನಿ, ಅವರ ಮೀಸೆ ಅರ್ಧ ಇಲ್ಲ! ಕತ್ತರಿ ಇವಳ ಕೈಲಿ! 'ಎರಡು ಕಡೆ ಸಮ ಮಾಡ್ತಿದ್ದೆ ಮಾಮ' ಅಂತಾಳೆ. ಮೀಸೆ ಪೂರ್ತಿ ಬೆಳೆಯೋವರೆಗೂ ಅವರ ಮನೆ ಮೆಟ್ಟಿಲು ಗುಡಿಸ್ಬೇಕು ಅಂದೆ. ಗುಡಿಸಿದ್ಲು. ಆ ಮನುಷ್ಯ ಎಂಥವನು ಅಂತೀರಾ, ಮೆಟ್ಟಿಲು ಚೆನ್ನಾಗಾಯ್ತು ಅಂತ ಕದ್ದುಮುಚ್ಚಿ ಮೀಸೆ ಕತ್ತರಿಸ್ಕೊಳ್ತಿದ್ದ. ಅವನನ್ನೂ ಹಿಡ್ದು ಬೈದೆ!"

"ನಂದೂ ಕೇಳಿ, ನಂದೂ ಕೇಳಿ" ಎಂದು ಪಂಕ್ಚರ್ ಅಣ್ಣ ಮಧ್ಯೆ ನುಗ್ಗಿದ. "ನನಗೆ ವ್ಯಾಪಾರ ಡಲ್ಲಾಗಿತ್ತು. ಅಣ್ಣ ಯಾಕೆ ಸಪ್ಪಗಿದೀಯ ಅಂದ್ಲು. ಪಂಕ್ಚರೇ ಬರ್ತಿಲ್ಲಮ್ಮ ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಮಾರನೇ ದಿನ ಬೆಳಿಗ್ಗೆ ಸಾಲು ನಿಂತಿದೆ ಸಾರ್ ನನ್ನ ಅಂಗಡಿ ಮುಂದೆ! ದೊಡ್ಡ ರಸ್ತೆ ತಿರುವಿನಲ್ಲಿ ಒಂದು ಹಿಡಿ ಮೊಳೆ ಚೆಲ್ಲಿ ಬಂದಿದ್ಲು. ಅಷ್ಟೂ ಟೈರು ಬಿಟ್ಟಿ ರಿಪೇರಿ ಮಾಡಿದೆ. ಪ್ರತಿಯೊಬ್ಬರ ಮುಂದೆ ಇವಳನ್ನ ನಿಲ್ಲಿಸಿ 'ಮೊಳೆ ಹಾಕಿದ್ದು ನಾನು' ಅಂತ ಹೇಳಿಸಿದೆ. ಆಮೇಲೆ ಬೈದೆ. ನನಗೆ ಬೈಯೋಕೆ ಬರಲ್ಲ ಸಾರ್, ತೊದಲಿಬಿಡ್ತೀನಿ. ಅವತ್ತು ಹಿಂದಿನ ರಾತ್ರಿಯೆಲ್ಲ ಕಲ್ತವನ ಹಾಗೆ ಬೈದೆ."

"ಒಂದು ಹಿಡಿ ಅಲ್ಲ!"

ಎಲ್ಲರೂ ತಿರುಗಿ ನೋಡಿದರು. ಮಾತಾಡಿದ್ದು ನಾನು. ಏನು ಮಾಡಲಿ, ನನ್ನ ಜೀವಮಾನದ ಸಾಧನೆಯನ್ನು ಕಣ್ಣೆದುರೇ ಯಾರಾದರೂ ಕುಗ್ಗಿಸಿ ಹೇಳಿದರೆ ಸುಮ್ಮನಿರುವ ಜಾತಿಯಲ್ಲ ನಾನು.

"ಇಡೀ ಡಬ್ಬಿ ದೊಡ್ಡಪ್ಪ" ಎಂದೆ. "ದೊಡ್ಡ ಡಬ್ಬಿ. ಪೊಲೀಸಿನವರ ಸೈಕಲ್ಲೂ ಇತ್ತು."

ದೊಡ್ಡಪ್ಪ ಮುಖ ಪಕ್ಕಕ್ಕೆ ತಿರುಗಿಸಿದರು. ಅವರ ಭುಜ ಅಲುಗಿತು. ಇಸ್ತ್ರಿ ಮಾಡಿದ್ದ ಆ ಮುಖದಲ್ಲಿ ಒಂದು ಸುಕ್ಕು, ಆಮೇಲೆ ಇನ್ನೊಂದು, ಆಮೇಲೆ ಇಡೀ ಮುಖವೇ ಒಗೆಯಲು ಹಾಕಿದ ಬಟ್ಟೆಯಂತಾಯಿತು. ಅವರು ನಕ್ಕರೆ ಹೇಗಿರುತ್ತದೆಂದು ನಮ್ಮ ವಂಶದಲ್ಲಿ ಮೊದಲು ಕಂಡವಳು ನಾನೇ.

ಬೇಕರಿ ಅಜ್ಜ ಮಾತ್ರ ಎದ್ದಿರಲಿಲ್ಲ. "ನನ್ನದು ಸಣ್ಣದು" ಎಂದರು, ನೆಲ ನೋಡುತ್ತಾ. "ಹಿಟ್ಟಿಗೆ ಸಕ್ಕರೆ ಬದ್ಲು ಉಪ್ಪು ಸುರಿದಿದ್ಲು. ಬೇಕಂತಲ್ಲ, ಮಾತಾಡ್ತಾ ಮಾತಾಡ್ತಾ. ಬನ್ನನ್ನ ನಾನು ಎಸೀಲಿಲ್ಲ. ಗಲ್ಲಾದ ಪಕ್ಕ ನಿಲ್ಲಿಸಿ, ಬಂದೋರಿಗೆಲ್ಲ 'ಬನ್ನು ಕೆಟ್ಟಿದೆ, ಕೆಡಿಸಿದ್ದು ನಾನು' ಅಂತ ಹೇಳು ಅಂದೆ. ಹೇಳಿದ್ಲು. ಸಾಯಂಕಾಲದ ಹೊತ್ತಿಗೆ ಇವಳ ದನಿ ಇಷ್ಟೇ ಇಷ್ಟಾಗಿತ್ತು. ಆವಾಗ ಅಂಗಡಿ ಮುಚ್ಚಿ ಒಳಗೆ ಕರೆದು, ಇಬ್ಬರೂ ಕೂತು ಒಂದೊಂದು ಉಪ್ಪು ಬನ್ನು ತಿಂದ್ವಿ."

ಅದು ನಿಜ. ಅಷ್ಟೇ ನಿಜ, ಅದಕ್ಕೆ ಸೇರಿಸಲು ನನ್ನ ಹತ್ತಿರವೂ ಏನೂ ಇಲ್ಲ.

ಅಮ್ಮ ಯಾವಾಗಲೋ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ನನ್ನ ಒಂದು ಲಂಗ ಇತ್ತು, ಅರ್ಧ ಮಡಿಸಿದ್ದು.

"ನನಗೆ ಯಾರೂ ಹೇಳ್ಲೇ ಇಲ್ಲ" ಎಂದಳು. "ಇಷ್ಟೆಲ್ಲ ಆಗಿದೆ. ಇಷ್ಟು ದಿನ. ಒಬ್ಬರಾದ್ರೂ ನನಗೊಂದು ಮಾತು..."

ಮಾಮ ತಲೆ ಕೆರೆದುಕೊಂಡ. ಅತ್ತೆ ಸೆರಗು ಸರಿಮಾಡಿಕೊಂಡರು. ಉತ್ತರ ಕೊಟ್ಟದ್ದು ಅಜ್ಜ.

"ನೀನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಶಿಕ್ಷೆ ಮುಗಿದಿರ್ತಿತ್ತಮ್ಮ. ಅಷ್ಟು ದಣಿದು ಬಂದಿರ್ತೀಯ. ಒಂದು ತಪ್ಪಿಗೆ ಎರಡು ಸಲ ಯಾಕೆ ಬೈಬೇಕು ಅಂತ ನಾವೇ ಮಾತಾಡ್ಕೊಂಡಿದ್ವಿ. ಮಗು ಮನೆಗೆ ಹೋಗುವಾಗ ಹಗುರವಾಗಿ ಹೋಗ್ಲಿ. ನೀನೂ ಅವಳೂ ಕೂತು ನಗ್ತಾ ಊಟ ಮಾಡ್ಲಿ."

ಅಮ್ಮ ಆ ಲಂಗವನ್ನು ಮುಖಕ್ಕೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಟ್ಟೆಯೊಳಗಿಂದ ಬಂದ ಸದ್ದು ಎರಡರದ್ದೂ ಆಗಿತ್ತು. ಅತ್ತೆ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಆ ಲಂಗದ ಅಂಚು ಬಿಟ್ಟಿದೆ, ನಾಳೆ ಕಳ್ಸು" ಎಂದರು. ಅತ್ತೆಗೆ ಸಮಾಧಾನ ಹೇಳಲು ಬರುತ್ತಿದ್ದದ್ದು ಹಾಗೆ ಮಾತ್ರ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮುಖದಿಂದ ಲಂಗ ತೆಗೆದಳು. ಕಣ್ಣು ಕೆಂಪಗಿತ್ತು, ಬೆನ್ನು ನೆಟ್ಟಗಿತ್ತು. ವಾರ್ಡಿನಲ್ಲಿ ಡಾಕ್ಟರುಗಳ ಎದುರೂ ಅವಳು ಹಾಗೇ ನಿಲ್ಲುತ್ತಿದ್ದಳಂತೆ. "ಭಾವ, ಇವಳು ಇಲ್ಲೇ ಇರ್ಲಿ" ಎಂದಳು. "ರಜೆಗೆ ಕಳಿಸ್ತೀನಿ. ದೊಡ್ಡಮ್ಮನೂ ಸ್ವಲ್ಪ ಅನುಭವಿಸ್ಲಿ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾನು ಬರೋವಾಗ ಒಬ್ಬ ತಾಯಿ, ಅವಳಿಗೂ ಪುರುಸೊತ್ತಿಲ್ಲ ಅಂದ್ಕೊಂಡು ಬಂದೆ" ಎಂದರು. "ಇಲ್ಲಿ ನೋಡಿದ್ರೆ ಬೈಯೋಕೆ ಜಗಳ ಆಡ್ತಿದೀರಿ." ಬೇಕರಿ ಅಜ್ಜನ ಕಡೆ ತಿರುಗಿ, "ಅಂಥದ್ದೇ ಇನ್ನೊಂದು ಬಿಸಿ ಬನ್ನು ಇದ್ಯಾ? ಬೆಳಿಗ್ಗೆ ರುಚಿ ನೋಡೋಕೆ ಬಿಡ್ಲಿಲ್ಲ ನೀವು" ಎಂದರು.

ಅಂಗಡಿಯವರು ನಾಲ್ವರೂ ಹೊರಟಾಗಲೂ ಜಗಳ ನಿಂತಿರಲಿಲ್ಲ. ಮೊದಲು ಬೈದವನು ನಾನು, ಹೆಚ್ಚು ಬೈದವಳು ನಾನು ಎನ್ನುವ ದನಿಗಳು ಆ ಇಕ್ಕಟ್ಟಾದ ಬೀದಿಯ ಎರಡೂ ಗೋಡೆಗೆ ಬಡಿದು ಬಡಿದು ನಮ್ಮ ಬಾಗಿಲಿಗೆ ವಾಪಸ್ ಬರುತ್ತಿದ್ದವು. ಆಮೇಲೆ ನಾನು ಎಷ್ಟೋ ಊರುಗಳಲ್ಲಿ ಇದ್ದೆ. ನನ್ನನ್ನು ಹೊಗಳಿ ಹಾರ ಹಾಕಿದವರಿಗೆ ಲೆಕ್ಕವಿಲ್ಲ. ಹಾರಗಳ ಭಾರಕ್ಕೆ ನನ್ನ ಎತ್ತರವೇ ಒಂದು ಗೇಣು ಕಮ್ಮಿಯಾಗಿದೆ. ಆದರೆ ಒಂದು ತಪ್ಪು ಮಾಡಿ ಮನೆಗೆ ನಡೆಯುವ ಸಂಜೆಗಳಲ್ಲಿ, ದಾರಿಯಲ್ಲಿ ಯಾರಾದರೂ "ಬಾ ಇಲ್ಲಿ, ಏನು ಮಾಡ್ದೆ ಹೇಳು" ಎಂದು ತಡೆದು ನಿಲ್ಲಿಸುತ್ತಾರೇನೋ ಎಂದು ಅಂಗಡಿಗಳ ಕಡೆ ನೋಡುತ್ತಾ ನಡೆದಿದ್ದೇನೆ.

ಅವತ್ತು ಬೀದಿಯ ಗದ್ದಲ ಅಡಗಿದ ಮೇಲೆ ಅಮ್ಮ ಬಾಗಿಲು ಹಾಕಿ ನನ್ನತ್ತ ತಿರುಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬಾ ಇಲ್ಲಿ ಡಂಗುರ."

"ಯಾಕಮ್ಮ?"

"ಕೋಟಿನ ಲೈನಿಂಗಿನಿಂದ ಶುರು ಮಾಡ್ತೀನಿ."

"ಅಮ್ಮ! ಒಂದು ತಪ್ಪಿಗೆ ಎರಡು ಸಲ ಇಲ್ಲ ಅಂತ ಅಜ್ಜ ಹೇಳಿದ್ರು!"

"ಅದು ಬೀದಿ ಕಾನೂನು. ಇದು ಮನೆ. ಎಷ್ಟು ವರ್ಷದಿಂದ ಬಾಯಿ ಕಟ್ಕೊಂಡಿದೀನಿ ಗೊತ್ತಾ?"

ಆಮೇಲೆ ಬೈದಳು ನೋಡಿ! ಲೈನಿಂಗಿಗೆ ಬೈದಳು, ಮೀಸೆಗೆ ಬೈದಳು, ಮೊಳೆಗೆ ಬೈದಳು, ಡಬ್ಬಿಯ ಗಾತ್ರಕ್ಕೆ ಬೇರೆಯಾಗಿ ಬೈದಳು, ಉಪ್ಪಿಗೆ ಬೈಯುವಾಗ ಮಾತ್ರ ದನಿ ಸ್ವಲ್ಪ ಇಳಿಸಿದಳು. ಅಂಥ ಬೈಗುಳ ಪ್ರಪಂಚದ ಯಾವ ತಾಯಿಯೂ ಯಾವ ಮಗಳಿಗೂ ಬೈದಿಲ್ಲ. ನಾನು ತಲೆ ತಗ್ಗಿಸಿ, ನಗು ಕಾಣಬಾರದೆಂದು ತುಟಿ ಕಚ್ಚಿಕೊಂಡು ನಿಂತಿದ್ದೆ.

ದೊಡ್ಡಪ್ಪ ಮೂಲೆಯಲ್ಲಿ ಅಜ್ಜ ಕಳಿಸಿದ ಬನ್ನು ತಿನ್ನುತ್ತಾ ಕೂತಿದ್ದರು. ಅವರ ಬಸ್ಸಿಗೆ ಹೊತ್ತಾಗುತ್ತಿತ್ತು, ಗಡಿಯಾರದ ಕಡೆ ನೋಡಲೇ ಇಲ್ಲ. ಅಮ್ಮ ಉಸಿರೆಳೆದುಕೊಳ್ಳಲು ನಿಂತಾಗ ಕೈಯೆತ್ತಿದರು.

"ಆ ಮೀಸೆ ವಿಷಯ ಮಾತ್ರ ಇನ್ನೊಂದು ಸಲ ಬೈಯಮ್ಮ" ಎಂದರು. "ನಾನು ಸರಿಯಾಗಿ ಕೇಳಿಸ್ಕೊಳ್ಲಿಲ್ಲ."